ಸರಕು ಹಡಗುಗಳ ಮೇಲೆ ಜರ್ಮನಿಯ ಯುದ್ಧ: ಪದೇ ಪದೇ ಕೇಳುವ ಪ್ರಶ್ನೆಗಳು

ಎರಡು ಮಹಾಯುದ್ಧಗಳಲ್ಲೂ ಜರ್ಮನಿ ಸಮುದ್ರದಲ್ಲಿ ಮುಖ್ಯವಾಗಿ ಬೆನ್ನಟ್ಟಿದ್ದು ಗೋಧಿ, ಎಣ್ಣೆ, ಚಹಾ, ಕಲ್ಲಿದ್ದಲು ಹೊತ್ತ ಸರಕು ಹಡಗುಗಳನ್ನು. 1914ರಲ್ಲಿ ಮದ್ರಾಸಿನ ಮೇಲೆ ಗುಂಡು ಹಾರಿಸಿದ ಜರ್ಮನ್ ಯುದ್ಧನೌಕೆ ಎಂಡೆನ್ ಹೆಸರು ಕೇಳಿದವರು ಬಹಳ ಮಂದಿ. ಆ ಕಾಲದ ಹಡಗುಗಳ ತಳದಲ್ಲಿ ಬಾಯ್ಲರಿಗೆ ಕಲ್ಲಿದ್ದಲು ಎಸೆಯುತ್ತಿದ್ದ ಭಾರತೀಯರ ಬಗ್ಗೆ ಕೇಳಿದವರು ಕಡಿಮೆ. ಈ ವಿಷಯ ಮಾತಿಗೆ ಬಂದಾಗಲೆಲ್ಲ ಏಳುವ ಪ್ರಶ್ನೆಗಳನ್ನು ಇಲ್ಲಿ ಸೇರಿಸಿದ್ದೇನೆ. ಹಡಗು ಮುಳುಗಿದ ಮೇಲೆ ಅದರಲ್ಲಿದ್ದವರು ಏನಾದರು ಎಂಬುದನ್ನು ಎಲ್ಲ ಉತ್ತರಗಳಲ್ಲೂ ಹುಡುಕಿದ್ದೇನೆ.

ಯುದ್ಧನೌಕೆಗಳನ್ನು ಬಿಟ್ಟು ಸರಕು ಹಡಗುಗಳ ಬೆನ್ನು ಹತ್ತಿದ್ದೇಕೆ?

ಬ್ರಿಟನ್ ದ್ವೀಪ. ಎರಡನೇ ಮಹಾಯುದ್ಧಕ್ಕೆ ಮೊದಲು ಅದು ವರ್ಷಕ್ಕೆ ಸುಮಾರು 5.5 ಕೋಟಿ ಟನ್ ಸಾಮಾನನ್ನು ಸಮುದ್ರದ ಮೂಲಕ ತರಿಸಿಕೊಳ್ಳುತ್ತಿತ್ತು. ಅನ್ನದ ದೊಡ್ಡ ಪಾಲು ಹೊರಗಿನದು, ಪೆಟ್ರೋಲಂತೂ ಬಹುತೇಕ ಪೂರ್ತಿ ಹೊರಗಿನದು. ಬ್ರಿಟಿಷ್ ನೌಕಾಪಡೆಯ ಎದುರು ನಿಂತು ಗೆಲ್ಲುವಷ್ಟು ಯುದ್ಧನೌಕೆಗಳು ಜರ್ಮನಿಯ ಬಳಿ ಯಾವತ್ತೂ ಇರಲಿಲ್ಲ. ಹಾಗಾಗಿ ಶತ್ರುವಿನ ಊಟ, ಇಂಧನ ಎರಡನ್ನೂ ದಾರಿಯಲ್ಲೇ ತಡೆಯುವುದು ಎಂಬ ಲೆಕ್ಕಾಚಾರ ಹುಟ್ಟಿತು.

ಇದನ್ನು ಜರ್ಮನಿಯೊಂದೇ ಮಾಡಿತು ಎಂದುಕೊಳ್ಳಬಾರದು. ಮೊದಲ ಮಹಾಯುದ್ಧದಲ್ಲಿ ಬ್ರಿಟನ್ನಿನ ದಿಗ್ಬಂಧನದಿಂದ ಜರ್ಮನಿಯ ಊರುಗಳಲ್ಲಿ ಜನ ಹಸಿದರು. 1916–17ರ ಚಳಿಗಾಲದಲ್ಲಿ ಆಲೂಗಡ್ಡೆ ಸಿಗದೆ, ದನಕ್ಕೆ ಹಾಕುತ್ತಿದ್ದ ಟರ್ನಿಪ್ ಗೆಡ್ಡೆ ತಿಂದು ಬದುಕಿದರು. ಯು-ಬೋಟುಗಳ, ಅಂದರೆ ಜರ್ಮನ್ ಜಲಾಂತರ್ಗಾಮಿಗಳ, ಕ್ರೌರ್ಯದ ಹಿಂದೆ ಈ ಹಸಿವೂ ಇತ್ತು.

‘ರೇಡರ್’ ಎಂದರೆ ಯಾವ ಬಗೆಯ ಹಡಗು?

ಸರಕು ಹಡಗುಗಳನ್ನು ಹುಡುಕಿ ಬೇಟೆಯಾಡುವ ದಾಳಿಹಡಗು. ಅದರಲ್ಲಿ ಮೂರು ಬಗೆ. ಎಂಡೆನ್‌ನಂಥ ನಿಜವಾದ ಯುದ್ಧನೌಕೆಗಳು ಮೊದಲನೆಯವು. ಎರಡನೆಯದು, ವೇಗವಾಗಿ ಓಡುವ ಪ್ರಯಾಣಿಕರ ಹಡಗುಗಳಿಗೆ ತೋಪು ಕೂರಿಸಿದ್ದು. ಇವು ಕಲ್ಲಿದ್ದಲನ್ನು ಬಕಾಸುರನ ಹಾಗೆ ನುಂಗುತ್ತಿದ್ದುದರಿಂದ ಬಹಳ ದಿನ ಬಾಳಲಿಲ್ಲ. ಮೂರನೆಯದೇ ಎಲ್ಲಕ್ಕಿಂತ ಅಪಾಯಕಾರಿ: ನೋಡಲು ಸಾಧಾರಣ ಸರಕು ಹಡಗು, ಪಕ್ಕದ ತಗಡು ಸರಿಸಿದರೆ ಒಳಗೆ 150 ಮಿಲಿಮೀಟರ್ ಬಾಯಿಯ ತೋಪುಗಳು, ಟಾರ್ಪೆಡೊ, ಮೈನುಗಳು (ನೀರಿನಲ್ಲಿ ಬಿಟ್ಟುಹೋಗುವ, ಹಡಗು ತಗುಲಿದರೆ ಸಿಡಿಯುವ ಬಾಂಬುಗಳು), ಕೆಲವದರಲ್ಲಿ ಪುಟ್ಟ ವಿಮಾನ ಕೂಡ.

ಸರಕು ಹಡಗನ್ನು ಮುಳುಗಿಸಲು ನಿಯಮಗಳಿದ್ದವೇ?

ಇದ್ದವು. ಹಡಗನ್ನು ನಿಲ್ಲಿಸಬೇಕು, ಹತ್ತಿ ಕಾಗದಪತ್ರ ನೋಡಬೇಕು. ಶತ್ರುವಿನದಾದರೆ ವಶಪಡಿಸಿಕೊಳ್ಳಬಹುದು. ಮುಳುಗಿಸಲೇಬೇಕಾದರೆ ಮೊದಲು ಅದರಲ್ಲಿರುವ ಜನರನ್ನು, ಹಡಗಿನ ದಾಖಲೆಗಳನ್ನು ಸುರಕ್ಷಿತ ಜಾಗಕ್ಕೆ ಸೇರಿಸಬೇಕು. ನಡುಸಮುದ್ರದಲ್ಲಿ ಸಣ್ಣ ದೋಣಿಗೆ ಇಳಿಸಿ ಬಿಟ್ಟುಹೋದರೆ ಅದು ಸುರಕ್ಷಿತ ಜಾಗವಲ್ಲ. 1936ರ ಲಂಡನ್ ಒಪ್ಪಂದದ ಪ್ರಕಾರ ಈ ನಿಯಮ ಜಲಾಂತರ್ಗಾಮಿಗಳಿಗೂ ಅನ್ವಯ, ಅದಕ್ಕೆ ಜರ್ಮನಿಯೂ ಒಪ್ಪಿತ್ತು. ಆ ಒಪ್ಪಿಗೆ ಎಷ್ಟು ಬಾಳಿತೆಂದರೆ, 1939ರ ಸೆಪ್ಟೆಂಬರ್ 3ರಂದು, ಬ್ರಿಟನ್ ಯುದ್ಧ ಘೋಷಿಸಿದ ಅದೇ ದಿನ, ಯು-30 ಪ್ರಯಾಣಿಕರ ಹಡಗು ಅಥೀನಿಯಾವನ್ನು ಎಚ್ಚರಿಕೆಯಿಲ್ಲದೆ ಹೊಡೆಯಿತು.

ಎಂಡೆನ್ ಮದ್ರಾಸಿಗೆ ಬಂದದ್ದು ಹೇಗೆ?

1914ರ ಆಗಸ್ಟಿನಲ್ಲಿ ಜರ್ಮನಿಯ ಪೂರ್ವ ಏಷ್ಯಾ ನೌಕಾದಳ ಪೆಸಿಫಿಕ್ ಸಾಗರದಲ್ಲಿತ್ತು. ದಳಪತಿ ಫಾನ್ ಶ್ಪೇ ಉಳಿದ ಹಡಗುಗಳನ್ನು ಕರೆದುಕೊಂಡು ದಕ್ಷಿಣ ಅಮೆರಿಕದ ಕಡೆ ಹೊರಟ. ಹಗುರ ಕ್ರೂಸರ್ (ವೇಗದ, ನಡುಗಾತ್ರದ ಯುದ್ಧನೌಕೆ) ಎಂಡೆನ್ ಮಾತ್ರ ತನ್ನ ಕ್ಯಾಪ್ಟನ್ ಕಾರ್ಲ್ ಫಾನ್ ಮ್ಯುಲರ್‌ನ ಕೋರಿಕೆಯಂತೆ ಒಂಟಿಯಾಗಿ ಹಿಂದೂ ಮಹಾಸಾಗರಕ್ಕೆ ತಿರುಗಿತು. ಎಂಡೆನ್‌ಗೆ ಮೂರು ಹೊಗೆಕೊಳವೆ. ಬ್ರಿಟಿಷ್ ಕ್ರೂಸರಿನ ಹಾಗೆ ಕಾಣಲೆಂದು ಮರ, ಕ್ಯಾನ್ವಾಸಿನ ನಾಲ್ಕನೆಯ ಕೊಳವೆಯೊಂದನ್ನು ಕಟ್ಟಿದರು.

ಸೆಪ್ಟೆಂಬರ್ 10ರಿಂದ ಬಂಗಾಳ ಕೊಲ್ಲಿಯಲ್ಲಿ ಕೆಲಸ ಶುರು. ಕೆಲವೇ ದಿನಗಳಲ್ಲಿ ಇಂಡಸ್, ಲೊವಟ್, ಕಿಲ್ಲಿನ್ ಹಡಗುಗಳು ತಳ ಸೇರಿದವು. ಡಿಪ್ಲೊಮಾಟ್ ಹಡಗು ತನ್ನ ಚಹಾ ಸಮೇತ ಮುಳುಗಿತು. ಪ್ರತಿ ಸಲವೂ ಜನರನ್ನು ಮೊದಲು ಇಳಿಸಿಕೊಳ್ಳುತ್ತಿದ್ದರು. ಇಳಿಸಿಕೊಂಡವರು ಹೆಚ್ಚಾದಾಗ ಒಂದು ಹಡಗನ್ನು ಉಳಿಸಿ, ಎಲ್ಲರನ್ನೂ ಅದಕ್ಕೆ ಹತ್ತಿಸಿ ಬಂದರಿಗೆ ಕಳಿಸುತ್ತಿದ್ದರು. ಕಬಿಂಗಾ ಹಡಗು ಹೀಗೆ ಉಳಿಯಿತು.

ಸೆಪ್ಟೆಂಬರ್ 22ರ ರಾತ್ರಿ ಒಂಬತ್ತೂವರೆಯ ಹೊತ್ತಿಗೆ ಎಂಡೆನ್ ಮದ್ರಾಸಿನ ಎದುರು ಬಂದು ಸರ್ಚ್‌ಲೈಟ್ ಹಾಕಿತು. ಊರಿನ ದೀಪಗಳು ಉರಿಯುತ್ತಲೇ ಇದ್ದವು. ಗುರಿ ಬರ್ಮಾ ಆಯಿಲ್ ಕಂಪನಿಯ ಎಣ್ಣೆ ಟ್ಯಾಂಕುಗಳು. ಅರ್ಧ ಗಂಟೆಯೊಳಗೆ ನೂರಕ್ಕೂ ಹೆಚ್ಚು ಗುಂಡು ಹಾರಿಸಿ ಹಡಗು ಕತ್ತಲಲ್ಲಿ ಮರೆಯಾಯಿತು. ಸತ್ತವರು ಕೆಲವೇ ಮಂದಿ. ಆದರೆ ಉರಿಯುವ ಎಣ್ಣೆಯ ಬೆಳಕು ಬಹು ದೂರ ಕಂಡಿತು, ಮರುದಿನದಿಂದ ಜನ ಗಂಟುಮೂಟೆ ಕಟ್ಟಿಕೊಂಡು ಊರು ಬಿಟ್ಟರು. ಬ್ರಿಟಿಷರ ಸಮುದ್ರದಲ್ಲಿ ಬ್ರಿಟಿಷರಿಗೇ ರಕ್ಷಣೆಯಿಲ್ಲ ಎಂಬ ಸುದ್ದಿ ಒಂದೇ ರಾತ್ರಿಯಲ್ಲಿ ದಕ್ಷಿಣ ಭಾರತಕ್ಕೆ ತಿಳಿಯಿತು. ನನ್ನ ದೃಷ್ಟಿಯಲ್ಲಿ ಎಂಡೆನ್ ಮಾಡಿದ ನಿಜವಾದ ಹಾನಿ ಇದೇ. ಸುಟ್ಟ ಎಣ್ಣೆಯನ್ನು ಮತ್ತೆ ತರಿಸಬಹುದಿತ್ತು.

ಅಲ್ಲಿಂದ ಸಿಲೋನ್ ಸುತ್ತಿ ಪಶ್ಚಿಮಕ್ಕೆ ಬಂದು, ಲಕ್ಷದ್ವೀಪ ಸಾಲಿನ ಮಿನಿಕಾಯ್ ಸುತ್ತಮುತ್ತ ಇನ್ನೂ ಹಲವು ಹಡಗುಗಳನ್ನು ಹಿಡಿಯಿತು. ಅಕ್ಟೋಬರ್ 9ರಂದು ಡಿಯೆಗೊ ಗಾರ್ಸಿಯಾ ದ್ವೀಪದಲ್ಲಿ ಹಡಗನ್ನು ನಿಲ್ಲಿಸಿ ತಳ ಕೆರೆದು ಶುಚಿ ಮಾಡಿದರು. ಆ ದ್ವೀಪದವರಿಗೆ ಯುದ್ಧ ಶುರುವಾದ ಸುದ್ದಿಯೇ ಮುಟ್ಟಿರಲಿಲ್ಲ! ಜರ್ಮನರು ಅವರ ಕೆಟ್ಟ ಮೋಟಾರು ದೋಣಿಯನ್ನು ರಿಪೇರಿ ಮಾಡಿಕೊಟ್ಟು ಹೊರಟರು.

ಎಂಡೆನ್ ಕಥೆ ಮುಗಿದದ್ದು ಎಲ್ಲಿ?

ಕೋಕೋಸ್ ದ್ವೀಪಗಳಲ್ಲಿ, 1914ರ ನವೆಂಬರ್ 9ರಂದು. ಅದಕ್ಕೆ ಮೊದಲು, ಅಕ್ಟೋಬರ್ 28ರ ಬೆಳಗಿನ ಜಾವ, ಪೆನಾಂಗ್ ಬಂದರಿಗೆ ನುಗ್ಗಿ ರಷ್ಯಾದ ಕ್ರೂಸರ್ ಜೆಮ್‌ಚುಗ್ ಅನ್ನೂ ಹೊರಗೆ ಸಿಕ್ಕ ಫ್ರೆಂಚ್ ಡೆಸ್ಟ್ರಾಯರ್ ಮೂಸ್ಕೆಯನ್ನೂ ಮುಳುಗಿಸಿತ್ತು. ಕೋಕೋಸ್‌ನಲ್ಲಿ ತಂತಿ ಕಚೇರಿ ಒಡೆಯಲು ಹೋದಾಗ, ಅಲ್ಲಿನ ನೌಕರರು ಸಂದೇಶ ಕಳಿಸಿಬಿಟ್ಟಿದ್ದರು. ಹತ್ತಿರದಲ್ಲೇ ಸಾಗುತ್ತಿದ್ದ ಆಸ್ಟ್ರೇಲಿಯಾದ ಕ್ರೂಸರ್ ಸಿಡ್ನಿ ಬಂದು ಎಂಡೆನ್ ಅನ್ನು ಹೊಡೆದು ಕೆಡವಿತು. 134 ಮಂದಿ ಸತ್ತರು. ದ್ವೀಪದಲ್ಲಿ ಇಳಿದಿದ್ದ ಫಾನ್ ಮ್ಯುಕೆಯ ತುಕಡಿ ಮಾತ್ರ ಆಯೇಶಾ ಎಂಬ ಹಳೆಯ ಹಾಯಿಹಡಗು ಹತ್ತಿ ತಪ್ಪಿಸಿಕೊಂಡು, ಅರೇಬಿಯಾದ ಮರುಭೂಮಿ ದಾಟಿ ಇಸ್ತಾಂಬುಲ್ ತಲುಪಿತು.

ಮುಂಬೈಗೂ ಇಂಥ ಹಡಗು ಬಂದಿತ್ತೇ?

ಬಂದಿತ್ತು, ಯಾರ ಕಣ್ಣಿಗೂ ಬೀಳದೆ. ಸರಕು ಹಡಗಿನ ವೇಷದ ವೋಲ್ಫ್ 1916ರ ನವೆಂಬರ್ ಕೊನೆಗೆ ಕೀಲ್ ಬಿಟ್ಟಿತು. ಕ್ಯಾಪ್ಟನ್ ಕಾರ್ಲ್ ನೆರ್ಗರ್. ದಕ್ಷಿಣ ಆಫ್ರಿಕಾ, ಕೊಲಂಬೊ, ಮುಂಬೈ, ನ್ಯೂಜಿಲೆಂಡ್, ಆಸ್ಟ್ರೇಲಿಯಾಗಳ ದಾರಿಗಳಲ್ಲಿ ಕತ್ತಲಲ್ಲಿ ಮೈನು ಬಿಟ್ಟು ಮುಂದೆ ಸಾಗಿತು. ತಿಂಗಳುಗಳ ನಂತರ, 1917ರ ಜೂನ್ 23ರಂದು, ಪಿ ಅಂಡ್ ಓ ಕಂಪನಿಯ ಮಂಗೋಲಿಯಾ ಮುಂಬೈ ಸಮೀಪ ಅಂಥ ಮೈನೊಂದಕ್ಕೆ ತಗುಲಿ ಮುಳುಗಿತು. ಮೈನು ಬಿಟ್ಟವರು ಆಗ ದೂರದ ಪೆಸಿಫಿಕ್ಕಿನಲ್ಲಿದ್ದರು. ಮೈನಿಗೆ ಎದುರಿಗೆ ಬಂದವರು ಯಾರೆಂಬ ಭೇದವಿಲ್ಲ. ಸೌಜನ್ಯದ ಕ್ಯಾಪ್ಟನ್ನರ ಕಥೆಗಳಲ್ಲಿ ಮೈನುಗಳ ಅಧ್ಯಾಯ ಚಿಕ್ಕದಾಗಿರುವುದು ನನಗೆ ಸರಿಕಾಣುವುದಿಲ್ಲ.

ವೋಲ್ಫ್ ಎಲ್ಲೂ ಬಂದರು ಹಿಡಿಯದೆ 451 ದಿನ ಸಮುದ್ರದಲ್ಲಿದ್ದು, ನಾನೂರಕ್ಕೂ ಹೆಚ್ಚು ಸೆರೆಯಾಳುಗಳೊಂದಿಗೆ 1918ರ ಫೆಬ್ರವರಿಯಲ್ಲಿ ಜರ್ಮನಿಗೆ ಮರಳಿತು.

ಜಲಾಂತರ್ಗಾಮಿಗಳು ಎಚ್ಚರಿಕೆ ಕೊಡದೆ ಹೊಡೆಯುತ್ತಿದ್ದುದೇಕೆ? ರೇಡರುಗಳಂತೆ ನಡೆದುಕೊಳ್ಳಬಹುದಿತ್ತಲ್ಲ?

ಈ ಪ್ರಶ್ನೆಗೆ ಉತ್ತರ ಕ್ಯಾಪ್ಟನ್ನರ ಗುಣಕ್ಕಿಂತ ಹೆಚ್ಚಾಗಿ ಹಡಗಿನ ರಚನೆಯಲ್ಲಿದೆ. ಜಲಾಂತರ್ಗಾಮಿಯಲ್ಲಿ ತನ್ನ ಸಿಬ್ಬಂದಿಗೇ ಕಾಲು ಚಾಚಲು ಜಾಗವಿಲ್ಲ. ಎರಡನೇ ಯುದ್ಧದಲ್ಲಿ ಹೆಚ್ಚು ಬಳಕೆಯಾದ ಏಳನೇ ಮಾದರಿಯ ಯು-ಬೋಟು 67 ಮೀಟರ್ ಉದ್ದ. ಅದರೊಳಗೆ 45–50 ಜನ, 14 ಟಾರ್ಪೆಡೊ. ಒಂದೇ ಹಾಸಿಗೆಯಲ್ಲಿ ಸರದಿಯ ಮೇಲೆ ಮಲಗುತ್ತಿದ್ದರು. ಸೆರೆಯಾಳುಗಳನ್ನು ಎಲ್ಲಿ ಇಡುವುದು? ನೀರಿನ ಮೇಲೆ ಬಂದರೆ ಒಂದೇ ಗುಂಡು ಅದರ ತೆಳು ಮೈಯನ್ನು ತೂತು ಮಾಡಬಲ್ಲದು. ಬ್ರಿಟಿಷರು ಮೊದಲ ಯುದ್ಧದಲ್ಲೇ ಸರಕು ಹಡಗುಗಳಿಗೆ ತೋಪು ಕೊಟ್ಟರು, ಬಡಪಾಯಿ ಹಡಗಿನ ವೇಷದಲ್ಲಿ ತೋಪು ಅಡಗಿಸಿದ ‘ಕ್ಯೂ’ ಹಡಗುಗಳನ್ನೂ ಬಿಟ್ಟರು. ಮೇಲೆ ಬಂದು ಎಚ್ಚರಿಸುವ ಯು-ಬೋಟು ಸಾಯುವ ಯು-ಬೋಟಾಯಿತು.

ಆದರೂ ಇದನ್ನೇ ಪೂರ್ತಿ ಸಮರ್ಥನೆಯಾಗಿ ಒಪ್ಪಲಾರೆ. ಇತಿಹಾಸದಲ್ಲೇ ಅತಿ ಹೆಚ್ಚು ಹಡಗು ಮುಳುಗಿಸಿದ ಜಲಾಂತರ್ಗಾಮಿ ಕ್ಯಾಪ್ಟನ್ ಲೋಥಾರ್ ಫಾನ್ ಆರ್ನೋ. ಮುಖ್ಯವಾಗಿ ಯು-35ರಲ್ಲಿದ್ದುಕೊಂಡು, ಮೆಡಿಟರೇನಿಯನ್ನಿನಲ್ಲಿ, 190ಕ್ಕೂ ಹೆಚ್ಚು ಹಡಗುಗಳನ್ನು ಮುಳುಗಿಸಿದ. ಅವುಗಳಲ್ಲಿ ಹೆಚ್ಚಿನವನ್ನು ನೀರಿನ ಮೇಲೆ ಬಂದು, ಜನ ದೋಣಿಗಿಳಿದ ಮೇಲೆ, ತೋಪಿನಿಂದ ಹೊಡೆದ. ಅದೇ ಸಮುದ್ರದಲ್ಲಿ ಯು-38ರ ಮ್ಯಾಕ್ಸ್ ವ್ಯಾಲೆಂಟೀನರ್ 1915ರ ಡಿಸೆಂಬರ್ 30ರಂದು ಮುಂಬೈಗೆ ಹೊರಟಿದ್ದ ಪರ್ಷಿಯಾ ಹಡಗನ್ನು ಕ್ರೀಟ್ ಬಳಿ ಹೇಳದೆ ಕೇಳದೆ ಹೊಡೆದ. ಊಟದ ಹೊತ್ತು, ನಿಮಿಷಗಳಲ್ಲಿ ಹಡಗು ಮುಳುಗಿತು, 300ಕ್ಕೂ ಹೆಚ್ಚು ಜನ ಸತ್ತರು. ಅದೇ ವರ್ಷದ ಮೇ 7ರಂದು ಐರ್ಲೆಂಡ್ ಹತ್ತಿರ ಯು-20 ಲೂಸಿಟಾನಿಯಾವನ್ನು ಹೊಡೆದಾಗ ಸತ್ತವರು ಸುಮಾರು 1,200. ಕ್ಯಾಪ್ಟನ್ನನಿಗೆ ಆಯ್ಕೆ ಚಿಕ್ಕದಾಗಿತ್ತು, ಇಲ್ಲವೇ ಇಲ್ಲ ಅನ್ನುವ ಹಾಗಿರಲಿಲ್ಲ.

1917ರ ಫೆಬ್ರವರಿ 1ರಿಂದ ಆ ಆಯ್ಕೆಯೂ ಹೋಯಿತು. ತಿಂಗಳಿಗೆ 6 ಲಕ್ಷ ಟನ್ ಹಡಗು ಮುಳುಗಿಸಿದರೆ ಐದು ತಿಂಗಳಲ್ಲಿ ಬ್ರಿಟನ್ ಮಣಿಯುತ್ತದೆ ಎಂದು ಜರ್ಮನ್ ನೌಕಾಪಡೆ ಲೆಕ್ಕ ಹಾಕಿ, ಕಂಡ ಹಡಗನ್ನೆಲ್ಲ ಹೊಡೆಯಲು ಆದೇಶ ಹೊರಟಿತು. ಏಪ್ರಿಲ್‌ನಲ್ಲಿ ಒಂದೇ ತಿಂಗಳಿಗೆ 8 ಲಕ್ಷ ಟನ್ನಿಗೂ ಹೆಚ್ಚು ಮುಳುಗಿತು. ಅದೇ ತಿಂಗಳ 6ರಂದು ಅಮೆರಿಕ ಯುದ್ಧಕ್ಕಿಳಿಯಿತು. ಬ್ರಿಟನ್ ಮಣಿಯಲಿಲ್ಲ.

ಹಡಗುಗಳನ್ನು ಗುಂಪಾಗಿ, ಬೆಂಗಾವಲಿನೊಂದಿಗೆ ಕಳಿಸಲು ಅಷ್ಟು ತಡವಾಯಿತೇಕೆ?

ಬ್ರಿಟಿಷ್ ನೌಕಾ ಅಧಿಕಾರಿಗಳ ಹಟದಿಂದ. ವಾರಕ್ಕೆ ಬಂದರುಗಳಿಗೆ ಬಂದುಹೋಗುವ ಹಡಗುಗಳು ಸುಮಾರು 5,000, ಅಷ್ಟಕ್ಕೆ ಕಾವಲು ಎಲ್ಲಿಂದ ತರುವುದು ಎಂದು ವಾದಿಸುತ್ತಿದ್ದರು. ಆ ಲೆಕ್ಕದಲ್ಲಿ ಕರಾವಳಿಯಲ್ಲಿ ಓಡಾಡುವ ಪುಟ್ಟ ದೋಣಿಗಳೂ ಸೇರಿದ್ದವು. ಸಾಗರ ದಾಟಿ ಬರುತ್ತಿದ್ದ ನಿಜವಾದ ಹಡಗುಗಳು ವಾರಕ್ಕೆ ನೂರೈವತ್ತೂ ಇರಲಿಲ್ಲ. 1917ರ ಮೇ ತಿಂಗಳಿಂದ ಗುಂಪು ಪ್ರಯಾಣ ಶುರುವಾಯಿತು, ಗುಂಪಿನಲ್ಲಿ ಹೋದವುಗಳಲ್ಲಿ ಮುಳುಗಿದ್ದು ನೂರಕ್ಕೆ ಒಂದಕ್ಕಿಂತ ಕಡಿಮೆ. ವಿಶಾಲ ಸಮುದ್ರದಲ್ಲಿ ನಲವತ್ತು ಹಡಗುಗಳ ಗುಂಪು ಕಣ್ಣಿಗೆ ಬೀಳುವ ಸಾಧ್ಯತೆ ಒಂಟಿ ಹಡಗಿಗಿಂತ ತುಸುವೇ ಹೆಚ್ಚು. ಉಳಿದ ಸಮುದ್ರವೆಲ್ಲ ಖಾಲಿ. ಕಾದು ಕುಳಿತ ಯು-ಬೋಟಿಗೆ ದಿನಗಟ್ಟಲೆ ಏನೂ ಕಾಣುವುದಿಲ್ಲ.

ಎರಡನೇ ಯುದ್ಧದ ವೇಷಧಾರಿ ಹಡಗುಗಳಲ್ಲಿ ಹೆಸರಾದದ್ದು ಯಾವುದು?

ಅಟ್ಲಾಂಟಿಸ್. ಇಂಥ ಒಂಬತ್ತು ಹಡಗುಗಳು ದಾಳಿಗಿಳಿದವು: ಅಟ್ಲಾಂಟಿಸ್, ಪಿಂಗ್ವಿನ್, ಓರಿಯನ್, ಕೋಮೆಟ್, ವಿಡ್ಡರ್, ಥಾರ್, ಕಾರ್ಮೊರಾನ್, ಮಿಖೆಲ್, ಸ್ಟೀರ್. ಅಟ್ಲಾಂಟಿಸ್, ಪಿಂಗ್ವಿನ್ ಎರಡೂ ಶಾಂತಿಕಾಲದಲ್ಲಿ ಬ್ರೆಮೆನ್‌ನ ಹಾನ್ಸಾ ಕಂಪನಿಯವು, ಹಳೆಯ ಹೆಸರು ಗೋಲ್ಡನ್‌ಫೆಲ್ಸ್, ಕಾಂಡೆಲ್‌ಫೆಲ್ಸ್. ಆ ಕಂಪನಿಯ ವ್ಯಾಪಾರವೇ ಭಾರತದ ಬಂದರುಗಳೊಂದಿಗೆ.

ಕ್ಯಾಪ್ಟನ್ ಬೆರ್ನ್‌ಹಾರ್ಡ್ ರೋಗೆ ಅಟ್ಲಾಂಟಿಸ್‌ಗೆ ಒಮ್ಮೆ ಸೋವಿಯತ್ ಹಡಗಿನ, ಒಮ್ಮೆ ಜಪಾನಿನ, ಇನ್ನೊಮ್ಮೆ ಡಚ್ಚರ, ನಾರ್ವೆಯವರ ವೇಷ ಹಾಕಿಸಿದ. ಜಪಾನಿ ವೇಷದಲ್ಲಿದ್ದಾಗ ನಾವಿಕನೊಬ್ಬ ಹೆಣ್ಣುಡುಗೆ ತೊಟ್ಟು ಡೆಕ್ ಮೇಲೆ ಮಗುವಿನ ಗಾಡಿ ತಳ್ಳುತ್ತ ಓಡಾಡುತ್ತಿದ್ದ. 622 ದಿನ ಸಮುದ್ರದಲ್ಲಿದ್ದು 22 ಹಡಗುಗಳನ್ನು ಹಿಡಿದರು ಅಥವಾ ಮುಳುಗಿಸಿದರು. 1940ರ ನವೆಂಬರ್ 11ರಂದು ಸುಮಾತ್ರಾ ಹತ್ತಿರ ಆಟೊಮೆಡಾನ್ ಹಡಗನ್ನು ಹಿಡಿದಾಗ ಬ್ರಿಟನ್ನಿನ ಪೂರ್ವ ಏಷ್ಯಾ ರಕ್ಷಣೆಯ ಗುಟ್ಟಿನ ಕಾಗದಗಳೇ ಸಿಕ್ಕವು. ಸಿಂಗಪುರಕ್ಕೆ ದೊಡ್ಡ ನೌಕಾಪಡೆ ಕಳಿಸಲು ಬ್ರಿಟನ್ನಿಗೆ ಸದ್ಯ ಶಕ್ತಿಯಿಲ್ಲ ಎಂಬ ಆ ಸಂಗತಿ ಜರ್ಮನರಿಂದ ಜಪಾನಿಗೆ ತಲುಪಿತು. 1941ರ ನವೆಂಬರ್ 22ರಂದು ಬ್ರಿಟಿಷ್ ಕ್ರೂಸರ್ ಡೆವನ್‌ಶೈರ್ ಅಟ್ಲಾಂಟಿಸ್ ಅನ್ನು ಮುಳುಗಿಸಿತು.

ರೋಗೆಯ ಸಭ್ಯತೆಯನ್ನು ಅವನ ಸೆರೆಯಾಳುಗಳೇ ಹೊಗಳಿದ್ದಾರೆ, ಅದು ನಿಜ. ಆದರೆ ರೇಡಿಯೊ ಬಂದ ಮೇಲೆ ಎಂಡೆನ್ ಕಾಲದ ರೀತಿ ಉಳಿಯಲಿಲ್ಲ. ಅನುಮಾನ ಬಂದ ಕೂಡಲೇ ಸರಕು ಹಡಗಿನ ರೇಡಿಯೊದವನು ನಾಲ್ಕು ‘ಕ್ಯೂ’ ಒತ್ತುತ್ತಿದ್ದ. ವೇಷಧಾರಿ ದಾಳಿಹಡಗು ಎಂಬ ಸಂಕೇತ ಅದು. ಅದು ಕೇಳಿದ ಕ್ಷಣ ರೇಡರು ಆ ರೇಡಿಯೊ ಕೋಣೆಗೇ ಗುಂಡು ಹೊಡೆಯುತ್ತಿತ್ತು. ಆಟೊಮೆಡಾನ್‌ನ ಬ್ರಿಜ್ (ಹಡಗು ನಡೆಸುವ ಕಟ್ಟೆ) ಮೇಲಿದ್ದ ಕ್ಯಾಪ್ಟನ್, ಅಧಿಕಾರಿಗಳು ಸತ್ತದ್ದು ಹೀಗೆ.

ಸೆರೆ ಸಿಕ್ಕವರ ಗತಿ ಏನಾಗುತ್ತಿತ್ತು?

ತಿಂಗಳುಗಟ್ಟಲೆ ಹಡಗಿನ ಹೊಟ್ಟೆಯಲ್ಲಿ ಬಂಧನ, ಆಮೇಲೆ ಹಿಡಿದ ಇನ್ನೊಂದು ಹಡಗಿಗೆ ವರ್ಗ, ದಾರಿಯಲ್ಲಿ ಅದೃಷ್ಟ ಇದ್ದ ಹಾಗೆ. ಅಟ್ಲಾಂಟಿಸ್ ಹಿಡಿದ ನಾರ್ವೆಯ ಟಿರ್ರಾನಾದಲ್ಲಿ ಸೆರೆಯಾಳುಗಳನ್ನು ತುಂಬಿ ಫ್ರಾನ್ಸಿಗೆ ಕಳಿಸಿದರು. 1940ರ ಸೆಪ್ಟೆಂಬರಿನಲ್ಲಿ, ದಡ ಕೈಗೆಟುಕುವ ಹೊತ್ತಿಗೆ, ಬ್ರಿಟಿಷ್ ಜಲಾಂತರ್ಗಾಮಿ ಟ್ಯೂನಾ ಅದನ್ನು ಜರ್ಮನ್ ಹಡಗೆಂದೇ ಹೊಡೆಯಿತು. ಸತ್ತವರಲ್ಲಿ ಭಾರತೀಯ ನಾವಿಕರು ಬಹಳ ಮಂದಿ. ಪಿಂಗ್ವಿನ್‌ದು ಇನ್ನೂ ಘೋರ. 1941ರ ಮೇ 8ರಂದು ಸೀಷೆಲ್ಸ್ ದ್ವೀಪಗಳ ಕಡೆ ಬ್ರಿಟಿಷ್ ಕ್ರೂಸರ್ ಕಾರ್ನ್‌ವಾಲ್ ಗುಂಡು ಹೊಡೆದಾಗ ಅದರ ಮೈನುಗಳ ಗೋದಾಮೇ ಸಿಡಿಯಿತು. ತಳದಲ್ಲಿ ಕೂಡಿಹಾಕಿದ್ದ 200ಕ್ಕೂ ಹೆಚ್ಚು ಸೆರೆಯಾಳುಗಳಲ್ಲಿ ಬದುಕಿದವರು ಕೆಲವೇ ಮಂದಿ.

ಗ್ರಾಫ್ ಶ್ಪೇ ಯುದ್ಧನೌಕೆಯ ಕ್ಯಾಪ್ಟನ್ ಲಾಂಗ್ಸ್‌ಡಾರ್ಫ್ ಒಂಬತ್ತು ಸರಕು ಹಡಗು ಮುಳುಗಿಸಿಯೂ ಅವುಗಳ ಒಬ್ಬ ನಾವಿಕನನ್ನೂ ಕೊಲ್ಲಲಿಲ್ಲ. ಆಲ್ಟ್‌ಮಾರ್ಕ್ ಹಡಗಿನಲ್ಲಿಟ್ಟಿದ್ದ ಅವನ 299 ಸೆರೆಯಾಳುಗಳನ್ನು 1940ರ ಫೆಬ್ರವರಿಯಲ್ಲಿ ನಾರ್ವೆಯ ಕಡಲಗಾಲುವೆಯೊಂದರಲ್ಲಿ ಬ್ರಿಟಿಷರು ನುಗ್ಗಿ ಬಿಡಿಸಿಕೊಂಡರು.

ಸರಕು ಹಡಗಿನ ವೇಷದ ಹಡಗು ಕ್ರೂಸರನ್ನೇ ಮುಳುಗಿಸಿತ್ತಂತೆ, ನಿಜವೇ?

ನಿಜ. 1941ರ ನವೆಂಬರ್ 19ರಂದು ಪಶ್ಚಿಮ ಆಸ್ಟ್ರೇಲಿಯಾದ ಆಚೆ, ಎಂಡೆನ್ ಅನ್ನು ಮುಗಿಸಿದ ಹಡಗಿನ ಹೆಸರನ್ನೇ ಹೊತ್ತ ಹೊಸ ಸಿಡ್ನಿ, ಡಚ್ ವೇಷದ ಕಾರ್ಮೊರಾನ್ ಹತ್ತಿರಕ್ಕೆ ಬಂದಿತು. ತೀರಾ ಹತ್ತಿರಕ್ಕೆ. ಕಾರ್ಮೊರಾನ್ ಮುಸುಕು ತೆಗೆದು ಹೊಡೆಯಿತು. ಎರಡೂ ಮುಳುಗಿದವು. ಸಿಡ್ನಿಯ 645 ಮಂದಿಯಲ್ಲಿ ಒಬ್ಬನೂ ಉಳಿಯಲಿಲ್ಲ. ಅವಶೇಷ ಸಿಕ್ಕಿದ್ದು 2008ರ ಮಾರ್ಚಿನಲ್ಲಿ. ಅದೇ ಕಾರ್ಮೊರಾನ್ 1941ರ ಜೂನ್‌ನಲ್ಲಿ ಬಂಗಾಳ ಕೊಲ್ಲಿಯಲ್ಲಿ ಮೈನು ಬಿಡುವ ಯೋಚನೆಯಲ್ಲಿ ಸುಳಿದಾಡಿ, ಒಂದೇ ದಿನ ವೆಲೆಬಿಟ್, ಮರೀಬಾ ಎಂಬ ಎರಡು ಹಡಗುಗಳನ್ನು ಹಿಡಿದಿತ್ತು.

ಯು-ಬೋಟುಗಳ ‘ತೋಳದ ಹಿಂಡು’ ಹೇಗೆ ಕೆಲಸ ಮಾಡುತ್ತಿತ್ತು?

ಯು-ಬೋಟು ದಳದ ಮುಖ್ಯಸ್ಥ ಕಾರ್ಲ್ ಡೋನಿಟ್ಸ್. ದೋಣಿಗಳನ್ನು ಅಟ್ಲಾಂಟಿಕ್ಕಿಗೆ ಅಡ್ಡಲಾಗಿ ಸಾಲಾಗಿ ನಿಲ್ಲಿಸುತ್ತಿದ್ದ. ಒಂದಕ್ಕೆ ಸರಕು ಹಡಗುಗಳ ಗುಂಪು ಕಂಡರೆ ಅದು ಹೊಡೆಯದೆ ಹಿಂಬಾಲಿಸಿ ರೇಡಿಯೊದಲ್ಲಿ ತಿಳಿಸಬೇಕು. ಉಳಿದವು ಬಂದು ಸೇರಿದ ಮೇಲೆ ರಾತ್ರಿ, ನೀರಿನ ಮೇಲೆಯೇ, ಒಟ್ಟಾಗಿ ನುಗ್ಗಬೇಕು. ಮುಳುಗಿದಾಗ ಇವುಗಳ ವೇಗ ಗಂಟೆಗೆ ಏಳೆಂಟು ನಾಟಿಕಲ್ ಮೈಲಿ, ಮೇಲೆ ಹದಿನೇಳು. ನೀರಿನ ಮೇಲಿದ್ದಾಗ ಶಬ್ದದಿಂದ ಹುಡುಕುವ ಆಸ್ಡಿಕ್ ಯಂತ್ರಕ್ಕೂ ಸುಲಭವಾಗಿ ಸಿಗುತ್ತಿರಲಿಲ್ಲ. 1940ರ ಅಕ್ಟೋಬರಿನಲ್ಲಿ ಎಸ್‌ಸಿ-7 ಎಂಬ ಬೆಂಗಾವಲಿನ ಗುಂಪಿನ 35 ಹಡಗುಗಳಲ್ಲಿ 20 ಮುಳುಗಿದವು. 1942ರ ಮೊದಲಲ್ಲಿ ಅಮೆರಿಕದ ಪೂರ್ವ ಕರಾವಳಿಯ ಊರುಗಳು ದೀಪ ಆರಿಸದೆ ಇದ್ದಾಗ, ಆ ಬೆಳಕಿಗೆ ಅಡ್ಡ ಬಂದ ಹಡಗುಗಳನ್ನು ಒಂದೊಂದಾಗಿ ಹೊಡೆದರು.

ನೀರಿಗೆ ಬಿದ್ದವರನ್ನು ಯು-ಬೋಟಿನವರು ಕೊಲ್ಲುತ್ತಿದ್ದರೇ?

ಹಾಗೆ ಕೊಂದದ್ದು ನ್ಯಾಯಾಲಯದಲ್ಲಿ ಸಾಬೀತಾದ ಪ್ರಕರಣ ಒಂದಿದೆ. 1944ರ ಮಾರ್ಚ್ 13ರಂದು ಯು-852ರ ಹೈಂಟ್ಸ್ ಎಕ್ ಗ್ರೀಕ್ ಹಡಗು ಪೆಲಿಯಸ್ ಅನ್ನು ಮುಳುಗಿಸಿದ. ಗುರುತು ಉಳಿಯಬಾರದೆಂದು ತೇಲುತ್ತಿದ್ದ ತೆಪ್ಪಗಳ ಮೇಲೆ ಮಷೀನ್ ಗನ್ ಹಾರಿಸಿದರು, ಗ್ರೆನೇಡ್ ಎಸೆದರು. ತೆಪ್ಪದಲ್ಲಿ ಉಳಿದು ಬಂದವರ ಸಾಕ್ಷಿಯಿಂದ ಯುದ್ಧಾನಂತರ ಹ್ಯಾಂಬರ್ಗಿನಲ್ಲಿ ವಿಚಾರಣೆ ನಡೆದು, 1945ರ ನವೆಂಬರ್ 30ರಂದು ಎಕ್ ಮತ್ತು ಇನ್ನಿಬ್ಬರನ್ನು ಗುಂಡಿಕ್ಕಿ ಕೊಂದರು.

ಇದಕ್ಕೆ ತದ್ವಿರುದ್ಧವಾದದ್ದು ಲಕೋನಿಯಾ. 1942ರ ಸೆಪ್ಟೆಂಬರ್ 12ರಂದು ಯು-156ರ ಹಾರ್ಟೆನ್‌ಸ್ಟೈನ್ ಬ್ರಿಟಿಷ್ ಹಡಗು ಲಕೋನಿಯಾವನ್ನು ಹೊಡೆದ ಮೇಲೆ, ಅದರಲ್ಲಿ ಸುಮಾರು 1,800 ಇಟಾಲಿಯನ್ ಸೆರೆಯಾಳುಗಳಿದ್ದುದು ತಿಳಿಯಿತು. ಅವನು ಭೇದವಿಲ್ಲದೆ ಸಿಕ್ಕವರನ್ನು, ಬ್ರಿಟಿಷರನ್ನೂ, ನೀರಿನಿಂದೆತ್ತಿದ. ಬಹಿರಂಗ ರೇಡಿಯೊದಲ್ಲಿ ನೆರವು ಕೇಳಿದ, ರೆಡ್‌ಕ್ರಾಸ್ ಬಾವುಟ ಹಾಸಿದ. 16ರಂದು ಅಮೆರಿಕದ ವಿಮಾನ ಬಂದು ಆ ಸ್ಥಿತಿಯಲ್ಲೇ ಬಾಂಬು ಹಾಕಿತು. ಆ ನಂತರ ಡೋನಿಟ್ಸ್ ಮುಳುಗಿದವರನ್ನು ಎತ್ತಕೂಡದೆಂದು ಆಜ್ಞೆ ಹೊರಡಿಸಿದ. ಯುದ್ಧಾನಂತರ ನಾಜಿ ಮುಖಂಡರ ಮೇಲೆ ನಡೆದ ನ್ಯೂರೆಂಬರ್ಗ್ ವಿಚಾರಣೆಯಲ್ಲಿ ಅವನಿಗೆ ಹತ್ತು ವರ್ಷ ಶಿಕ್ಷೆಯಾಯಿತು. ಆದರೆ ಪೆಸಿಫಿಕ್ಕಿನಲ್ಲಿ ತಾವೂ ಮೊದಲ ದಿನದಿಂದ ಎಚ್ಚರಿಕೆಯಿಲ್ಲದೆ ಹೊಡೆದೆವೆಂದು ಅಮೆರಿಕದ ಅಡ್ಮಿರಲ್ ನಿಮಿಟ್ಸ್ ಲಿಖಿತ ಹೇಳಿಕೆ ಕೊಟ್ಟಿದ್ದರು. ಜಲಾಂತರ್ಗಾಮಿ ಯುದ್ಧದ ನಿಯಮ ಮುರಿದದ್ದನ್ನು ಶಿಕ್ಷೆಯ ಲೆಕ್ಕಕ್ಕೆ ಹಿಡಿಯಲಿಲ್ಲ.

ಯು-ಬೋಟುಗಳು ಸೋತದ್ದು ಯಾವಾಗ?

1943ರ ಮೇ ತಿಂಗಳಲ್ಲಿ. ಒಂದೇ ತಿಂಗಳಿಗೆ 41 ಯು-ಬೋಟು ಹೋದವು. 24ರಂದು ಡೋನಿಟ್ಸ್ ಅವನ್ನು ಉತ್ತರ ಅಟ್ಲಾಂಟಿಕ್ಕಿನಿಂದ ಹಿಂದಕ್ಕೆ ಕರೆದ. ಹಲವು ಸಂಗತಿಗಳು ಒಟ್ಟಿಗೆ ಕೂಡಿಬಂದವು. ಜರ್ಮನರ ಗುಪ್ತ ಸಂದೇಶಗಳ ಎನಿಗ್ಮಾ ಸಂಕೇತವನ್ನು ಬ್ರಿಟನ್ನಿನ ಸಂಕೇತ ಬಿಡಿಸುವ ಕೇಂದ್ರ ಬ್ಲೆಚ್ಲಿ ಪಾರ್ಕಿನವರು ಓದುತ್ತಿದ್ದರು. ದೋಣಿ ರೇಡಿಯೊದಲ್ಲಿ ಮಾತಾಡಿದ ಕೂಡಲೇ ಅದರ ದಿಕ್ಕು ಹಿಡಿಯುವ ಯಂತ್ರ ಕಾವಲು ಹಡಗುಗಳಲ್ಲಿತ್ತು. ಡೋನಿಟ್ಸ್‌ನ ಹಿಂಡು ನಿಂತಿದ್ದೇ ರೇಡಿಯೊ ಮಾತಿನ ಮೇಲೆ. ಸೂಕ್ಷ್ಮತರಂಗದ ರೇಡಾರ್ ಬಂತು, ನಡುಸಾಗರದವರೆಗೆ ಹಾರಬಲ್ಲ ಲಿಬರೇಟರ್ ವಿಮಾನ ಬಂತು. ಅಮೆರಿಕದ ಕಾರ್ಖಾನೆಗಳು ‘ಲಿಬರ್ಟಿ’ ಎಂಬ ಮಾದರಿಯ 2,700ಕ್ಕೂ ಹೆಚ್ಚು ಸರಕು ಹಡಗುಗಳನ್ನು ಕಟ್ಟಿದವು, ಮುಳುಗಿಸುವ ವೇಗಕ್ಕಿಂತ ಕಟ್ಟುವ ವೇಗ ಮುಂದಾಯಿತು. ಯುದ್ಧ ಮುಗಿಯುವಾಗ ಯು-ಬೋಟಿನಲ್ಲಿ ಕೆಲಸ ಮಾಡಿದ ಸುಮಾರು 40,000 ಮಂದಿಯಲ್ಲಿ ನಾಲ್ಕರಲ್ಲಿ ಮೂವರು ಸತ್ತಿದ್ದರು.

ಅರಬ್ಬಿ ಸಮುದ್ರಕ್ಕೆ ಯು-ಬೋಟುಗಳು ಬಂದಿದ್ದವೇ?

ಬಂದಿದ್ದವು. ಅಟ್ಲಾಂಟಿಕ್ಕಿನಲ್ಲಿ ಸೋತ ಮೇಲೆ, 1943ರ ಬೇಸಿಗೆಯಲ್ಲಿ, ಜಪಾನಿನ ಹಿಡಿತದಲ್ಲಿದ್ದ ಪೆನಾಂಗ್ ಬಂದರನ್ನು ನೆಲೆಯಾಗಿಸಿಕೊಳ್ಳಲು ಒಂದು ಗುಂಪು ಹೊರಟಿತು. ಮಳೆಗಾಲ ಮುಗಿಯುವ ಹೊತ್ತಿಗೆ ದಾಳಿ ಎಂದು ಅದಕ್ಕೆ ಇಟ್ಟ ಹೆಸರು ಮಾನ್ಸೂನ್. ಹೊರಟ ಹನ್ನೊಂದರಲ್ಲಿ ಹಿಂದೂ ಮಹಾಸಾಗರ ಮುಟ್ಟಿದ್ದು ಐದು. ಅಕ್ಟೋಬರ್ ಮೊದಲಲ್ಲಿ ಯು-168 ಮುಂಬೈ ಆಚೆ ಹೈಚಿಂಗ್ ಎಂಬ ಹಡಗನ್ನು ಮುಳುಗಿಸಿತು. ಯು-532 ಅದೇ ತಿಂಗಳು ಭಾರತದ ನೈಋತ್ಯ ಕರಾವಳಿಯ ಹತ್ತಿರ ಬ್ರಿಟಿಷ್ ಪರ್ಪಸ್ ಎಂಬ ಎಣ್ಣೆ ಹಡಗಿಗೆ ಟಾರ್ಪೆಡೊ ಹೊಡೆಯಿತು, ಅದು ಮುಳುಗಲಿಲ್ಲ. ಯು-533 ಓಮನ್ ಕೊಲ್ಲಿಯಲ್ಲಿ ನಾಶವಾಯಿತು. ಮರಳುವಾಗ ಇವು ರಬ್ಬರ್, ತವರ, ಟಂಗ್‌ಸ್ಟನ್, ಕ್ವಿನೈನ್ ಹೊತ್ತು ತಾವೇ ಸರಕು ಹಡಗುಗಳಾದವು.

ಗೋವಾದಲ್ಲಿ ಜರ್ಮನ್ ಹಡಗು ಸುಟ್ಟ ಪ್ರಕರಣ ಏನು?

ಕಾರವಾರದಿಂದ ಉತ್ತರಕ್ಕೆ ನೂರು ಕಿಲೋಮೀಟರಿಗೂ ಕಡಿಮೆ ದೂರದ ಮರ್ಮಗೋವಾ ಆಗ ಪೋರ್ಚುಗಲ್ಲಿನದು, ತಟಸ್ಥ. 1939ರಲ್ಲಿ ಯುದ್ಧ ಶುರುವಾದಾಗ ಹಾನ್ಸಾ ಕಂಪನಿಯ ಎಹ್ರೆನ್‌ಫೆಲ್ಸ್, ಡ್ರಾಖೆನ್‌ಫೆಲ್ಸ್, ಬ್ರೌನ್‌ಫೆಲ್ಸ್ ಅಲ್ಲಿ ಆಸರೆ ಪಡೆದವು. ಇಟಲಿಯ ಅನ್ಫೋರಾ ಹಡಗೂ ಅಲ್ಲೇ ನಿಂತಿತು. ಎಹ್ರೆನ್‌ಫೆಲ್ಸ್‌ನಲ್ಲಿ ಗುಟ್ಟಾದ ರೇಡಿಯೊ ಇದೆ, ಹಡಗುಗಳ ಸುದ್ದಿ ಯು-ಬೋಟುಗಳಿಗೆ ಹೋಗುತ್ತಿದೆ ಎಂದು ಬ್ರಿಟಿಷ್ ಗೂಢಚಾರ ದಳ ನಂಬಿತು. ತಟಸ್ಥ ನೆಲಕ್ಕೆ ಸೈನ್ಯ ಕಳಿಸುವ ಹಾಗಿಲ್ಲ. ಆದ್ದರಿಂದ ಕಲ್ಕತ್ತದ ಕಚೇರಿಗಳಲ್ಲಿ ಕೆಲಸ ಮಾಡುತ್ತಿದ್ದ, ಕಲ್ಕತ್ತಾ ಲೈಟ್ ಹಾರ್ಸ್ ಮತ್ತು ಕಲ್ಕತ್ತಾ ಸ್ಕಾಟಿಷ್ ಎಂಬ ಹವ್ಯಾಸಿ ದಳಗಳ ನಡುವಯಸ್ಸಿನ ಬ್ರಿಟಿಷರನ್ನು ಫೀಬಿ ಎಂಬ ಹೂಳು ಸಾಗಿಸುವ ದೋಣಿಯಲ್ಲಿ ತಂದರು. 1943ರ ಮಾರ್ಚ್ 9ರ ರಾತ್ರಿ ಅವರು ಎಹ್ರೆನ್‌ಫೆಲ್ಸ್ ಹತ್ತಿದರು. ಅದರ ಕ್ಯಾಪ್ಟನ್ ಸತ್ತ, ನಾವಿಕರು ಹಡಗನ್ನು ತಾವೇ ಮುಳುಗಿಸಿದರು. ಉಳಿದ ಮೂರು ಹಡಗುಗಳವರೂ ಹಾಗೇ ಮಾಡಿದರು. ಕಾರ್ಯಾಚರಣೆ 1978ರವರೆಗೂ ಗುಟ್ಟಾಗಿತ್ತು.

ಇದರಿಂದ ಯು-ಬೋಟು ದಾಳಿ ನಿಂತಿತು ಎಂಬ ಮಾತನ್ನು ಎಚ್ಚರಿಕೆಯಿಂದ ತೆಗೆದುಕೊಳ್ಳಬೇಕು. ಮೇಲೆ ಹೇಳಿದ ಮಾನ್ಸೂನ್ ಗುಂಪು ಬಂದದ್ದೇ ಆ ನಂತರ.

ಸುಭಾಷರು ಪ್ರಯಾಣಿಸಿದ ಯು-ಬೋಟು ಕೂಡ ಸರಕು ಹಡಗು ಮುಳುಗಿಸಿತ್ತೇ?

ಹೌದು. 1943ರ ಫೆಬ್ರವರಿಯಲ್ಲಿ ಕೀಲ್‌ನಿಂದ ಹೊರಟ ಯು-180ರಲ್ಲಿ ಸುಭಾಷ್‌ಚಂದ್ರ ಬೋಸ್ ಮತ್ತು ಅವರ ಸಹಾಯಕ ಆಬಿದ್ ಹಸನ್ ಇದ್ದರು. ಏಪ್ರಿಲ್ 18ರಂದು, ಅವರು ಒಳಗಿರುವಾಗಲೇ, ಅದು ಕಾರ್ಬಿಸ್ ಎಂಬ ಬ್ರಿಟಿಷ್ ಎಣ್ಣೆ ಹಡಗನ್ನು ಮುಳುಗಿಸಿತು. ತಿಂಗಳ ಕೊನೆಯ ವಾರ ಮಡಗಾಸ್ಕರ್ ಆಚೆ ಅವರಿಬ್ಬರೂ ಜಪಾನಿನ ಐ-29 ಜಲಾಂತರ್ಗಾಮಿಗೆ ದಾಟಿದರು.

ಸತ್ತವರಲ್ಲಿ ಭಾರತೀಯರು ಎಷ್ಟು?

ಮೊದಲ ಯುದ್ಧದಲ್ಲಿ ಸುಮಾರು 3,400, ಎರಡನೆಯದರಲ್ಲಿ ಸುಮಾರು 6,600 ಎಂದು ಸಾಮಾನ್ಯವಾಗಿ ಲೆಕ್ಕ ಕೊಡುತ್ತಾರೆ. ಬ್ರಿಟಿಷ್ ಸರಕು ಹಡಗುಗಳ ಕೆಲಸಗಾರರಲ್ಲಿ ಸುಮಾರು ನಾಲ್ವರಿಗೊಬ್ಬ ಭಾರತೀಯ. ಲಸ್ಕರ್ ಎಂದು ಕರೆಯುತ್ತಿದ್ದರು, ನಮ್ಮ ಕರಾವಳಿಯ ಮಾತಿನಲ್ಲಿ ಖಲಾಸಿ. ಸಿಲ್ಹೆಟ್, ನೋವಾಖಾಲಿ, ಚಿತ್ತಗಾಂಗಿನವರು, ಪಂಜಾಬಿಗಳು, ಗುಜರಾತ್ ಮತ್ತು ರತ್ನಾಗಿರಿಯ ಕಡಲಿನವರು, ಅಡುಗೆ–ಊಟದ ಕೆಲಸಕ್ಕೆ ಗೋವೆಯವರು. ಇವರ ಮೇಲೆ ಮೇಸ್ತ್ರಿಯಾಗಿ ಸೆರಾಂಗ್, ಅವನ ಕೈಕೆಳಗೆ ಟಿಂಡಾಲ್. ಸಂಬಳ ಬಿಳಿಯ ನಾವಿಕನ ಸಂಬಳದ ಒಂದು ಸಣ್ಣ ಪಾಲು. 1939ರಲ್ಲಿ ಯುದ್ಧ ಶುರುವಾದಾಗ ಬ್ರಿಟಿಷ್ ಬಂದರುಗಳಲ್ಲಿ ಇವರು ಕೂಲಿ ಹೆಚ್ಚಿಸಿ ಎಂದು ಮುಷ್ಕರ ಹೂಡಿದರು. ನೂರಾರು ಜನ ಜೈಲಿಗೆ ಹೋದರು, ಕಡೆಗೆ ಕೂಲಿ ಹೆಚ್ಚಿತು.

ಎಂಜಿನ್ ಕೋಣೆಯಲ್ಲಿ ಇವರೇ ಹೆಚ್ಚು, ಟಾರ್ಪೆಡೊ ಗುರಿಯಿಡುತ್ತಿದ್ದುದೂ ಹೆಚ್ಚಾಗಿ ಆ ಭಾಗಕ್ಕೇ. ಇದನ್ನು ನೆನೆದಾಗ ರೇಡರುಗಳ ಸಾಹಸಕಥೆಗಳನ್ನು ಮೊದಲಿನ ಹಾಗೆ ಓದಲು ನನ್ನಿಂದ ಆಗುವುದಿಲ್ಲ.

ಒಂದು ಹಡಗಿನ ಕಥೆ ಹೇಳುತ್ತೇನೆ. ಭಾರತದ ದಾರಿಗೆಂದೇ ಕಟ್ಟಿದ ಸಿಟಿ ಆಫ್ ಬನಾರಸ್, 1940ರ ಸೆಪ್ಟೆಂಬರಿನಲ್ಲಿ ಬಾಂಬಿನಿಂದ ದೂರ ಕಳಿಸುತ್ತಿದ್ದ 90 ಬ್ರಿಟಿಷ್ ಮಕ್ಕಳನ್ನು ಹೊತ್ತು ಕೆನಡಾಕ್ಕೆ ಹೊರಟಿತ್ತು. 17ರ ರಾತ್ರಿ, ಬಿರುಗಾಳಿಯಲ್ಲಿ, ಯು-48 ಅದನ್ನು ಹೊಡೆಯಿತು. 77 ಮಕ್ಕಳು ಸತ್ತರು, ಬ್ರಿಟನ್ ತಿಂಗಳುಗಟ್ಟಲೆ ಅತ್ತಿತು. ಅದೇ ಹಡಗಿನಲ್ಲಿ ನೂರರಷ್ಟು ಭಾರತೀಯ ನಾವಿಕರೂ ಸತ್ತರು. ಬಿಸಿಲು ನಾಡಿನ ತೆಳು ಬಟ್ಟೆಯಲ್ಲಿ, ಉತ್ತರ ಅಟ್ಲಾಂಟಿಕ್ಕಿನ ಚಳಿಯಲ್ಲಿ, ದೋಣಿಗಳೊಳಗೇ ಹಲವರು ಜೀವ ಬಿಟ್ಟರು. ಹನ್ನೆರಡನೇ ನಂಬರಿನ ದೋಣಿ ಎಂಟು ದಿನ ತೇಲಿ ವಿಮಾನವೊಂದರ ಕಣ್ಣಿಗೆ ಬಿತ್ತು. ಅದರಲ್ಲಿದ್ದ 46 ಮಂದಿಯಲ್ಲಿ ಆರು ಹುಡುಗರು, ಬಹುಪಾಲು ಲಸ್ಕರುಗಳು. ಹುಡುಗರ ಹೆಸರು, ಮಾತು, ಚಿತ್ರ ಎಲ್ಲ ದಾಖಲಾಗಿವೆ. ದೋಣಿಯ ಲಸ್ಕರುಗಳು ಆ ಎಂಟು ದಿನಗಳ ಬಗ್ಗೆ ಹೇಳಿದ್ದು ಅಷ್ಟಾಗಿ ದಾಖಲಾಗಲಿಲ್ಲ.

ಇವತ್ತು ಇದರ ಗುರುತುಗಳನ್ನು ಎಲ್ಲಿ ನೋಡಬಹುದು?

ಚೆನ್ನೈ ಹೈಕೋರ್ಟಿನ ಗೋಡೆಯ ಬಳಿ ಎಂಡೆನ್ ದಾಳಿಯ ಫಲಕವಿದೆ. ಎಂಡೆನ್‌ನ ತೋಪೊಂದು ಸಿಡ್ನಿಯ ಹೈಡ್ ಪಾರ್ಕಿನಲ್ಲಿದೆ. ಪೂರ್ತಿ ಯು-ಬೋಟು ಒಳಹೊಕ್ಕು ನೋಡಬೇಕೆಂದರೆ ಜರ್ಮನಿಯ ಲಾಬೋದಲ್ಲಿ ಯು-995, ಶಿಕಾಗೊದ ವಿಜ್ಞಾನ ವಸ್ತುಸಂಗ್ರಹಾಲಯದಲ್ಲಿ ಅಮೆರಿಕನ್ನರು 1944ರಲ್ಲಿ ಸೆರೆಹಿಡಿದ ಯು-505 ಇವೆ.

ನಾವಿಕರ ಮಟ್ಟಿಗೆ, ಮುಂಬೈಯ ಇಂಡಿಯನ್ ಸೇಲರ್ಸ್ ಹೋಮ್‌ನಲ್ಲಿ ಮೊದಲ ಯುದ್ಧದಲ್ಲಿ ಸಮುದ್ರಪಾಲಾದ 2,000ಕ್ಕೂ ಹೆಚ್ಚು ಮಂದಿಯ ಸ್ಮಾರಕವಿದೆ. ಎರಡನೇ ಯುದ್ಧದಲ್ಲಿ ಸತ್ತ ಸುಮಾರು 6,000 ಭಾರತೀಯ ಸರಕು ಹಡಗಿನವರ ಹೆಸರುಗಳು ಮುಂಬೈ ಮತ್ತು ಚಿತ್ತಗಾಂಗಿನಲ್ಲಿ ಇಟ್ಟಿರುವ ಒಂದೇ ದಾಖಲೆ ಪುಸ್ತಕದ ಎರಡು ಪ್ರತಿಗಳಲ್ಲಿವೆ. ನಿಮ್ಮ ಮನೆತನದಲ್ಲಿ ಯಾರಾದರೂ ‘ಹಡಗಿಗೆ ಹೋದವರು ಬರಲಿಲ್ಲ’ ಎಂಬ ಮಾತಿದ್ದರೆ, ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ಜಾಲತಾಣದಲ್ಲಿ ಹೆಸರು ಹಾಕಿ ಹುಡುಕಬಹುದು. ಕಾಗುಣಿತವನ್ನು ಹಲವು ರೀತಿ ಬದಲಿಸಿ ನೋಡಿ. ಹೆಸರು ಕೇಳಿ ಬರೆದುಕೊಂಡವರು ಇಂಗ್ಲಿಷಿನಲ್ಲಿ ತೋಚಿದಂತೆ ಬರೆದಿದ್ದಾರೆ. ಹಡಗಿನ ಹೆಸರು ಗೊತ್ತಿದ್ದರೆ ಕೆಲಸ ಬೇಗ ಆಗುತ್ತದೆ.